ಉಳಿದ ಉಲ್ಲನ್‌ನಿಂದ ಡಯಾಲಿಸಿಸ್ ರೋಗಿಗೊಂದು ಕಾಲುಹೊದಿಕೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಲ್ಲಿ ಉಲ್ಲನ್ ಹೊದಿಕೆ ಯಾರಿಗೆ ಬೇಕು ಅನ್ನಿಸಬಹುದು. ಡಯಾಲಿಸಿಸ್ ವಾರ್ಡಿನಲ್ಲಿ ಮಾತ್ರ ನಡುಬೇಸಿಗೆಯಲ್ಲೂ ರೋಗಿಗಳು ನಡುಗುವುದುಂಟು. ಸುಮಾರು 4 ತಾಸು ರಕ್ತ ಕೊಳವೆಗಳಲ್ಲಿ ಮೈಯಿಂದ ಹೊರಗೆ ಯಂತ್ರಕ್ಕೆ ಹರಿದು, ಶುದ್ಧವಾಗಿ ಮರಳಿ ಬರುತ್ತದೆ, ದಾರಿಯಲ್ಲಿ ಶಾಖ ಕಳೆದುಕೊಳ್ಳುತ್ತದೆ. ರಕ್ತದೊತ್ತಡ ಕುಸಿಯದಿರಲೆಂದು ಯಂತ್ರದ ದ್ರವವನ್ನು ಕೆಲವೊಮ್ಮೆ ತುಸು ತಣ್ಣಗೆ ಇಡುತ್ತಾರೆ. ಮೂತ್ರಪಿಂಡ ಸೋತವರಲ್ಲಿ ರಕ್ತಹೀನತೆಯೂ ಸಾಮಾನ್ಯ, ಮೇಲೆ ಎ.ಸಿ. ಬೇರೆ.

ನಮ್ಮ ಕಡೆ ಮನೆಮನೆಯಲ್ಲೂ ಕೌದಿ ಇದೆ. ಆದರೆ ಅದು ಭಾರ, ಒಗೆದರೆ ಬೇಗ ಒಣಗದು. ಕೊಕ್ಕೆಯಿರುವ ಕಡ್ಡಿಯಲ್ಲಿ ಸಣ್ಣ ಚೌಕಗಳನ್ನು ಹೆಣೆದು ಕೂಡಿಸುವ ಕ್ರೋಶಾ ಹೊದಿಕೆ ಅರ್ಧ ಕೆಜಿಯೊಳಗೆ ಮುಗಿಯುತ್ತದೆ, ರೋಗಿ ಚೀಲದಲ್ಲಿ ಮಡಚಿ ತರಬಹುದು. ತೋರಣ, ಕುಲಾವಿ, ಸ್ವೆಟರ್ ಹೆಣೆದು ಉಳಿದ ಉಂಡೆಗಳೇ ಇದಕ್ಕೆ ಸಾಕು.

ಅಳತೆ 3 ಅಡಿಗೆ 3.5 ಅಡಿ. ಇದಕ್ಕಿಂತ ದೊಡ್ಡದು ಬೇಡ. ಸೂಜಿ ಚುಚ್ಚಿದ ಕೈಯೂ ರಕ್ತದ ಕೊಳವೆಯೂ ಸಿಬ್ಬಂದಿಯ ಕಣ್ಣಿಗೆ ಸದಾ ಕಾಣುತ್ತಿರಬೇಕು. ಹೊದಿಕೆಯಡಿ ಸೂಜಿ ಸರಿದರೆ ರಕ್ತ ಹೋಗುವುದು ಗೊತ್ತಾಗುವುದಿಲ್ಲ. ಸೊಂಟದಿಂದ ಪಾದದವರೆಗೆ ಮುಚ್ಚಿದರೆ ಆಯಿತು.

ದಾರ ಆರಿಸುವುದು

ಉಲ್ಲನ್ ಎಂದೇ ಕರೆಯುವ ಕೃತಕ ದಾರ, ಅಂದರೆ ಅಕ್ರಿಲಿಕ್ ಮಾತ್ರ ಬಳಸಿ. ಅಪ್ಪಟ ಉಣ್ಣೆ ಬಿಸಿನೀರಿಗೆ ಬಿದ್ದರೆ ಕುಗ್ಗಿ ಗಟ್ಟಿಯಾಗುತ್ತದೆ. ನಡುವೆ ಉಣ್ಣೆಯ ಚೌಕ ಒಂದೇ ಒಂದು ಸೇರಿದ್ದರೂ ಸುತ್ತಲಿನದನ್ನೆಲ್ಲ ಎಳೆದು ಸೊಟ್ಟ ಮಾಡುತ್ತದೆ. ಲೇಬಲ್ ಇಲ್ಲದ ಉಂಡೆಯಾದರೆ ಚೋಟುದ್ದ ದಾರವನ್ನು ಚಿಮಟದಲ್ಲಿ ಹಿಡಿದು ತಟ್ಟೆಯ ಮೇಲೆ ಸುಡಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ, ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ.

ದಪ್ಪ ನೋಡಲು ದಾರವನ್ನು ಸ್ಕೇಲಿಗೆ ಎಳೆಯದೆ, ಒತ್ತೊತ್ತಾಗಿ ಸುತ್ತಿ. ಒಂದು ಇಂಚಿನಲ್ಲಿ 11ರಿಂದ 14 ಸುತ್ತು ಕೂತರೆ 4 ಮಿ.ಮೀ. ಕಡ್ಡಿಗೆ ಸರಿ. 20 ದಾಟಿದರೆ ಎರಡೆಳೆ ಕೂಡಿಸಿ ಹೆಣೆಯಿರಿ. 8ಕ್ಕಿಂತ ಕಡಿಮೆಯಾದರೆ ಆ ಉಂಡೆಯನ್ನು ಬೇರೆ ಕೆಲಸಕ್ಕಿಡಿ.

ಚೌಕ

ಜಾಲಿಜಾಲಿಯಾದ ಗ್ರಾನಿ ಚೌಕ ಚೆಂದವೇ, ಆದರೆ ಅದರ ತೂತುಗಳಿಗೆ ಕಾಲ್ಬೆರಳು, ಬೆರಳಿಗೆ ಹಾಕಿದ ಕ್ಲಿಪ್ಪಿನ ವೈರು ಸಿಕ್ಕಿಕೊಳ್ಳುತ್ತವೆ. ತುಂಬು ಚೌಕವೇ ಒಳ್ಳೆಯದು. ಇಲ್ಲಿ ಕಂಬ ಎಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿಕೊಂಡು ಹಾಕುವ ಹೊಲಿಗೆ. ಅಮೆರಿಕದ ಪುಸ್ತಕಗಳಲ್ಲಿ ಅದು ಡಬಲ್ ಕ್ರೋಶೆ, ಬ್ರಿಟಿಷ್ ಪುಸ್ತಕಗಳಲ್ಲಿ ಟ್ರೆಬಲ್. ಇದು ತಿಳಿಯದೆ ಅರ್ಧಕ್ಕೆ ಕೈಬಿಟ್ಟವರು ಬಹಳ.

4 ಸರಪಳಿ (ಕುಣಿಕೆಯೊಳಗಿಂದ ದಾರ ಎಳೆದು ಮಾಡುವ ಕೊಂಡಿ) ಹಾಕಿ ಉಂಗುರ ಮಾಡಿ. 3 ಸರಪಳಿ ಏರಿ, ಅದೇ ಮೊದಲ ಕಂಬ. ಉಂಗುರದೊಳಗೆ ಇನ್ನೆರಡು ಕಂಬ, ಮೂಲೆಗೆ 2 ಸರಪಳಿ. ಆಮೇಲೆ 3 ಕಂಬ, 2 ಸರಪಳಿಯಂತೆ ಮೂರು ಸಲ ಹಾಕಿ, ಏರಿದ ಸರಪಳಿಯ ತುದಿಗೆ ಸ್ಲಿಪ್ ಹೊಲಿಗೆಯಿಂದ (ಕಡ್ಡಿ ತೂರಿಸಿ, ದಾರವನ್ನು ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಮ್ಮೆಗೇ ಎಳೆದು) ಕೂಡಿಸಿ. ಮುಂದಿನ ಪ್ರತಿ ಸುತ್ತೂ 3 ಸರಪಳಿ ಏರಿಯೇ ಶುರು. ಪ್ರತಿ ಕಂಬದ ತಲೆಗೆ ಒಂದು ಕಂಬ, ಮೂಲೆಯ ಸಂದಿಗೆ 2 ಕಂಬ, 2 ಸರಪಳಿ, 2 ಕಂಬ. ಒಟ್ಟು 6 ಸುತ್ತು, ಚೌಕ ಸುಮಾರು 15 ಸೆಂ.ಮೀ.

ಪ್ರತಿ ಸುತ್ತು ಮುಗಿದಾಗ ಒಂದು ಬದಿಯ ಕಂಬ ಎಣಿಸಿ: 3, 7, 11, 15, 19, 23. ಲೆಕ್ಕ ತಪ್ಪುವ ಜಾಗ ಹೆಚ್ಚಾಗಿ ಒಂದೇ. ಮೂಲೆಯ ಎರಡು ಕಂಬ ಬಿದ್ದ ಕೂಡಲೇ ಅವು ಪಕ್ಕದ ಮೊದಲ ಕಂಬದ ತಲೆಯ ಮೇಲೆ ಒರಗಿ ಅದನ್ನು ಮುಚ್ಚಿಬಿಡುತ್ತವೆ. ಹೆಬ್ಬೆರಳಿಂದ ಅವನ್ನು ಬಲಕ್ಕೆ ಸರಿಸಿದರೆ ಅಡಿಯಲ್ಲಿ ಸಣ್ಣ ಕುಣಿಕೆ ಕಾಣುತ್ತದೆ, ಎಡಗೈಯವರಾದರೆ ಎಡಕ್ಕೆ ಸರಿಸಿ. ಕಡ್ಡಿ ಹೋಗಬೇಕಾದ್ದು ಅಲ್ಲಿಗೇ. ಚೌಕ ಬಟ್ಟಲಿನಂತೆ ಎದ್ದರೆ ಮೂಲೆಯೊಂದು ಬಿಟ್ಟುಹೋಗಿದೆ ಅಥವಾ ಕೈ ಬಿಗಿಯಾಗಿದೆ. ಅಂಚು ಅಲೆಯಲೆಯಾದರೆ ಕಂಬ ಹೆಚ್ಚಾಗಿದೆ. ಎಣಿಕೆ ಸರಿಯಿದ್ದೂ ಚೌಕ ಒಂದು ಕಡೆಗೆ ತಿರುಚಿಕೊಂಡರೆ, ಪ್ರತಿ ಸುತ್ತಿನ ಕೊನೆಗೆ ಕೆಲಸವನ್ನು ಮಗುಚಿ ಮುಂದುವರಿಸಿ.

ಕೊನೆಯ ಸುತ್ತು ಬಹಳ ದಾರ ನುಂಗುತ್ತದೆ. ಕನಿಷ್ಠ 5 ಮಾರು ಉಳಿದಿದ್ದರಷ್ಟೇ ಅದನ್ನು ಶುರು ಮಾಡಿ, ಚೂರುಪಾರು ಬಣ್ಣಗಳೆಲ್ಲ ನಡುವಿನ ಸುತ್ತುಗಳಿಗೆ ಹೋಗಲಿ. ಬಣ್ಣ ಬದಲಿಸುವಾಗ ಗಂಟು ಹಾಕಲೇಬೇಡಿ. ಅಕ್ರಿಲಿಕ್ ನುಣುಪು, ನಾಲ್ಕು ಒಗೆತಕ್ಕೆ ಗಂಟು ಬಿಚ್ಚುತ್ತದೆ. ಬಿಚ್ಚದಿದ್ದರೆ ಚರ್ಮಕ್ಕೆ ಒತ್ತುತ್ತದೆ. ಚೋಟುದ್ದ ಬಾಲ ಬಿಟ್ಟು, ಸೂಜಿಯಿಂದ ಒಂದು ದಿಕ್ಕಿಗೆ, ಮತ್ತೆ ಹಿಂದಕ್ಕೆ, ಇನ್ನೊಮ್ಮೆ ಮುಂದಕ್ಕೆ ಹೆಣೆದು ಅಡಗಿಸಿ. ಬೇಸರದ ಕೆಲಸ ನಿಜ, ಹೊದಿಕೆ ಬಾಳುವುದು ಇದರಿಂದಲೇ.

ಕೂಡಿಸುವುದು, ಅಂಚು

ಒಂದು ಸಾಲಿಗೆ 6 ಚೌಕದಂತೆ 7 ಸಾಲು, ಒಟ್ಟು 42. ಒಂದು ಚೌಕಕ್ಕೆ 8ರಿಂದ 10 ಗ್ರಾಂ ದಾರ ಹಿಡಿಯುತ್ತದೆ, ಕೂಡಿಸಲು ಮತ್ತು ಅಂಚಿಗೆ 80 ಗ್ರಾಂ ಬೇರೆ ಇರಲಿ. ಕೊನೆಯ ಸುತ್ತು, ಜೋಡಣೆ, ಅಂಚು ಮೂರಕ್ಕೂ ಒಂದೇ ಬಣ್ಣವಿದ್ದರೆ ಎಷ್ಟೇ ಕಲಬೆರಕೆ ದಾರವಾದರೂ ಹೊದಿಕೆ ಒಪ್ಪವಾಗಿ ಕಾಣುತ್ತದೆ. ಅಷ್ಟು ದಾರವಿಲ್ಲದಿದ್ದರೆ ಅದೊಂದನ್ನು ಅಂಗಡಿಯಿಂದ ತನ್ನಿ.

ಕ್ರೋಶಾದಲ್ಲೇ ಕೂಡಿಸಿದರೆ ಉಬ್ಬು ಗೆರೆ ಏಳುತ್ತದೆ, ತಾಸುಗಟ್ಟಲೆ ಮಲಗಿದವರ ಕಾಲಿಗೆ ಅದು ಒತ್ತುತ್ತದೆ. ಮೊಂಡು ತುದಿಯ ದಪ್ಪ ಸೂಜಿಯಲ್ಲಿ, ಎರಡೂ ಅಂಚಿನ ಹೊರ ಎಳೆ ಮಾತ್ರ ಹಿಡಿದು, ಕಂಬಕ್ಕೆ ಕಂಬ ಎದುರಿಟ್ಟು ಹೊಲಿಯಿರಿ. ಅಂಚಿಗೆ 3 ಸುತ್ತು ಸಿಂಗಲ್ ಕ್ರೋಶೆ (ಕಡ್ಡಿಗೆ ಮೊದಲು ದಾರ ಸುತ್ತಿಕೊಳ್ಳದೆ ಹಾಕುವ ಗಿಡ್ಡ ಹೊಲಿಗೆ), ಮೂಲೆಯಲ್ಲಿ 3 ಹೊಲಿಗೆ. ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿ, ಕವಡೆ, ಕುಚ್ಚು ಕಣ್ಣಿಗೆ ಹಬ್ಬ. ಇಲ್ಲಿ ಮಾತ್ರ ಬೇಡ, ಕೊಳವೆಗೂ ವೀಲ್‌ಚೇರಿನ ಚಕ್ರಕ್ಕೂ ಸಿಕ್ಕಿಕೊಳ್ಳುತ್ತವೆ.

ಒಗೆದು ಕೊಡುವುದು

ವಾಸನೆ ಇಲ್ಲದ ಸೋಪಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ ಒಗೆಯಿರಿ. ಹಿಂಡದೆ ಒತ್ತಿ ನೀರು ತೆಗೆದು, ತಾರಸಿಯ ಮೇಲೆ ಸೀರೆ ಹಾಸಿ ಅಗಲವಾಗಿ ಹರವಿ, ಧೂಳು ಕೂರದಂತೆ ಮೇಲೊಂದು ತೆಳು ಪಂಚೆ ಹೊದಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆ. ಇಸ್ತ್ರಿ ತಾಗಿದರೆ ಅಕ್ರಿಲಿಕ್ ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ. ನುಸಿಗುಳಿಗೆ, ಅತ್ತರು ಬೇಡ. ಕಾಯಿಲೆಯವರಿಗೆ ಸಣ್ಣ ವಾಸನೆಯೂ ವಾಕರಿಕೆ ತರುತ್ತದೆ.

ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ಆಸ್ಪತ್ರೆ ಇರಲಿ, ರಾಯಚೂರಿನ ರಿಮ್ಸ್ ಇರಲಿ, ತಾಲ್ಲೂಕು ಆಸ್ಪತ್ರೆಯಿರಲಿ, ಹೆಣೆಯುವ ಮುಂಚೆಯೇ ಡಯಾಲಿಸಿಸ್ ಘಟಕದ ನರ್ಸಿಂಗ್ ಮೇಲ್ವಿಚಾರಕರನ್ನು ಕಂಡು ತೆಗೆದುಕೊಳ್ಳುತ್ತಾರೋ ಇಲ್ಲವೋ, ಎಷ್ಟು ಬೇಕು ಎಂದು ಕೇಳಿ. ಒಬ್ಬರಿಗೆ ಒಂದು, ಅದು ಅವರದೇ ಆಗಿ ಮನೆಗೆ ಹೋಗಬೇಕು. ಒಂದೇ ಹೊದಿಕೆ ಹಾಸಿಗೆಯಿಂದ ಹಾಸಿಗೆಗೆ ತಿರುಗಿದರೆ ಸೋಂಕೂ ಜೊತೆಗೇ ತಿರುಗುತ್ತದೆ. ಒಂದೊಂದನ್ನೂ ಬೇರೆ ಬೇರೆ ಪಾರದರ್ಶಕ ಚೀಲದಲ್ಲಿಟ್ಟು, ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ: ಅಕ್ರಿಲಿಕ್, ಉಗುರುಬೆಚ್ಚಗಿನ ನೀರು, ಇಸ್ತ್ರಿ ಬೇಡ, ಒಲೆಯಿಂದ ದೂರವಿಡಿ. ಆ ಚೀಟಿಗೇ ಅಂಚಿನ ಬಣ್ಣದ ದಾರ ಎರಡು ಮಾರು ಸುತ್ತಿಡಿ. ಎಲ್ಲಾದರೂ ಹೊಲಿಗೆ ಬಿಟ್ಟರೆ ಮನೆಯವರು ಹೊಲಿದುಕೊಳ್ಳುತ್ತಾರೆ.