ತೂತು ಮರೆಮಾಡಿದ್ದ ಕವಾಟ

ಕಾಫಿ ಕುಯ್ಲಿನ ಸಮಯ. ಸೋಮವಾರಪೇಟೆ ಕಡೆಯ ತೋಟದ ಲೈನ್‌ಮನೆಯಿಂದ 32ರ ಹೆಂಗಸೊಬ್ಬರು ಮಡಿಕೇರಿಗೆ ನನ್ನ ಹತ್ತಿರ ಬಂದರು. "ಏರು ಹತ್ತೋಕೆ ಆಗಲ್ಲ ಡಾಕ್ಟ್ರೇ, ದಮ್ಮು ಕಟ್ಟುತ್ತೆ. ಮೇಸ್ತ್ರಿ ಸೋಮಾರಿ ಅಂತಾರೆ." ಕೊಡಗಿನಲ್ಲಿ ಏರು ಹತ್ತಿ ಏದುಸಿರು ಬಿಡದವರು ಯಾರು? ಇಂಥ ಮಾತನ್ನು ತೇಲಿಸಿಬಿಡುವುದು ಸುಲಭ.

ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಹೃದಯದ ಎರಡನೇ ಸದ್ದು ಒಡೆದು ಎರಡಾಗಿ ಕೇಳಿಸಿತು. ಉಸಿರು ಎಳೆದರೂ ಬಿಟ್ಟರೂ ಆ ಅಂತರ ಬದಲಾಗಲಿಲ್ಲ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದೆ. ಹೃದಯದ ಮೇಲಿನೆರಡು ಕೋಣೆಗಳ ನಡುಗೋಡೆಯಲ್ಲಿ ಹುಟ್ಟಿನಿಂದ ಬಂದ ತೂತು, ಹಿಗ್ಗಿದ ಬಲಭಾಗ. ಎಡಭಾಗದ ಮೇಲಿನ-ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟ ತುಸು ದಪ್ಪ. ರಕ್ತದ ಹರಿವು ಅಳೆಯುವ ಡಾಪ್ಲರ್‌ನಲ್ಲಿ ಒತ್ತಡ ಇಳಿಯುವ ವೇಗದಿಂದ ಲೆಕ್ಕ ಹಾಕಿದರೆ ಕವಾಟದ ಬಾಯಿ 2 ಚದರ ಸೆಂ.ಮೀ. ಬಂತು. ಅಷ್ಟೇನೂ ಕಿರಿದಲ್ಲ. ತೂತು ಮುಚ್ಚಿಸಿದರಾಯಿತು ಎಂದು ಚೀಟಿ ಬರೆಯತೊಡಗಿದ್ದೆ.

ಕೈ ತಡೆದದ್ದು ಎಡ ಮೇಲ್ಕೋಣೆ. ಬರೀ ತೂತಾಗಿದ್ದರೆ ಅದು ಅಷ್ಟು ಹಿಗ್ಗಬಾರದು. "ಚಿಕ್ಕವಳಿದ್ದಾಗ ಜ್ವರ ಬಂದು ಕೀಲು ಊದಿತ್ತಾ ಅಮ್ಮಾ?" ಐದನೇ ಕ್ಲಾಸಿನಲ್ಲಿ ಮಂಡಿ ಊದಿ ಹದಿನೈದು ದಿನ ಮಲಗಿದ್ದರಂತೆ.

ಅಂಥ ರುಮ್ಯಾಟಿಕ್ ಜ್ವರ ಮುಂದೆ ಮೈಟ್ರಲ್ ಕವಾಟವನ್ನು ಕಿರಿದಾಗಿಸಬಹುದು. ಹುಟ್ಟಿನ ತೂತು, ಕಿರಿದಾದ ಮೈಟ್ರಲ್ ಕವಾಟ ಎರಡೂ ಒಟ್ಟಿಗೆ ಇರುವುದನ್ನು ಫ್ರಾನ್ಸಿನ ವೈದ್ಯ ಲುಟೆಂಬಾಕರ್ 1916ರಲ್ಲಿ ವರ್ಣಿಸಿದರು. ಕವಾಟ ಕಿರಿದಾದರೆ ಎಡಕೋಣೆಯಲ್ಲಿ ರಕ್ತ ಕಟ್ಟಿ ಒತ್ತಡ ಏರಬೇಕು. ತೂತಿದ್ದರೆ ಆ ರಕ್ತ ಬಲಕ್ಕೆ ನುಗ್ಗುತ್ತದೆ, ಒತ್ತಡ ಬೇಗ ಇಳಿಯುತ್ತದೆ; ಆಗ ಆ ಲೆಕ್ಕ ಕವಾಟವನ್ನು ಇರುವುದಕ್ಕಿಂತ ಅಗಲ ಎಂದು ತೋರಿಸುತ್ತದೆ. ಕಿರಿದಾದ ಕವಾಟದಲ್ಲಿ ರಕ್ತ ಹರಿಯುವ ಸದ್ದು, ಅಂದರೆ ಮರ್ಮರವೂ, ಮೆತ್ತಗಾಗುತ್ತದೆ. ಮತ್ತೆ ಪ್ರೋಬ್ ಹಿಡಿದು, ಮೀನಿನ ಬಾಯಿಯಂಥ ಆ ಕಂಡಿಯ ಅಂಚನ್ನೇ ಪರದೆಯ ಮೇಲೆ ಗೆರೆ ಎಳೆದು ಅಳೆದೆ: 1.1. 1.5ಕ್ಕಿಂತ ಕಡಿಮೆ ಎಂದರೆ ತೀವ್ರ ಎಂದೇ ಲೆಕ್ಕ. ತೂತೊಂದನ್ನೇ ಮುಚ್ಚಿಸಿದ್ದರೆ ಎಡಕೋಣೆಗಿದ್ದ ಸಲೀಸಾದ ಹೊರದಾರಿ ಬಂದ್ ಆಗಿ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುತ್ತಿತ್ತು. ಆ ಚೀಟಿ ಹರಿದೆ.

ಮೈಸೂರಿಗೆ ಕಳಿಸಿದೆ. ಅನ್ನನಾಳದೊಳಗಿಂದ ಮಾಡಿದ ಎಕೋದಲ್ಲಿ ಹೆಪ್ಪುರಕ್ತ ಕಾಣಲಿಲ್ಲ, ತೂತು ಮುಚ್ಚುವ ಸಾಧನ ಕೂರಲು ಅದರ ಸುತ್ತ ಅಂಚು ಸಾಕಷ್ಟಿತ್ತು. ಇಲ್ಲದಿದ್ದರೆ ಎದೆ ತೆರೆಯಬೇಕಿತ್ತು. ಮೊದಲು ರಕ್ತನಾಳದ ಮೂಲಕ ಒಯ್ದ ಬಲೂನಿನಿಂದ ಕವಾಟ ಅಗಲಿಸಿ, ಆಮೇಲೆ ತೂತು ಮುಚ್ಚಿದರು. ಬಲೂನು ದಾಟಿಸಲು ಸಾಮಾನ್ಯವಾಗಿ ನಡುಗೋಡೆ ಚುಚ್ಚಬೇಕು. ಇಲ್ಲಿ ದಾರಿ ಮೊದಲೇ ಇದೆ, ಆದರೆ ಆಸರೆಯಿಲ್ಲದೆ ಬಲೂನು ಜಾರುತ್ತದೆ, ಸುಲಭದ ಕೆಲಸವಲ್ಲ.

ಈಗ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿಗೆ ಬರುತ್ತಾರೆ. "ತೂತು ಮುಚ್ಚಾಯ್ತಲ್ಲ ಡಾಕ್ಟ್ರೇ, ಇನ್ನೂ ಯಾಕೆ?" ಸೂಜಿ ತೂತಿಗಲ್ಲ, ಆ ಐದನೇ ಕ್ಲಾಸಿನ ಜ್ವರ ಮರಳದಿರಲಿ ಅಂತ ಎಂದು ಪ್ರತಿ ಸಲವೂ ಹೇಳುತ್ತೇನೆ.