ಗುಡ್ಡದ ಮನೆಗೆ ವಿದ್ಯುತ್ ಎಸ್‌ಯುವಿ: ಮೀಟರ್ ಬೋರ್ಡಿನಿಂದ ತೋಡಿನವರೆಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ದೇಲಂಪಾಡಿ ಕಡೆಯ ಒಳನಾಡಿನಲ್ಲಿ ನಾಲ್ಕೂ ಚಕ್ರಕ್ಕೆ ಬಲವಿರುವ ವಾಹನ ಬೇಕೆನ್ನುವುದು ಶೋಕಿಯಲ್ಲ. ಡಾಂಬರು ಮುಗಿದಲ್ಲಿಂದ ಮನೆಯಂಗಳದವರೆಗಿನ ಮುರಕಲ್ಲಿನ ಏರು, ಬೈಲಿನ ತೋಟಕ್ಕೆ ಇಳಿಯುವ ಕೆಸರುದಾರಿ, ನಡುವೆ ಅಡ್ಡಹರಿಯುವ ತೋಡು, ಇವಿಷ್ಟನ್ನು ಇದುವರೆಗೆ ಜೀಪುಗಳು ನಿಭಾಯಿಸುತ್ತ ಬಂದಿವೆ. ಅದೇ ಕೆಲಸಕ್ಕೆ ವಿದ್ಯುತ್ ವಾಹನವನ್ನು ಆರಿಸುವವರು ಮೊದಲು ಗಮನಿಸಬೇಕಾದುದು, ಎಸ್‌ಯುವಿ ಎಂಬ ಹೆಸರಿದ್ದ ಮಾತ್ರಕ್ಕೆ ನಾಲ್ಕೂ ಚಕ್ರ ತಿರುಗುವುದಿಲ್ಲ ಎಂಬುದನ್ನು. ಮಹೀಂದ್ರದ ಬಿಇ 6 ಮತ್ತು ಎಕ್ಸ್‌ಇವಿ 9ಇ ವಾಹನಗಳಲ್ಲಿ ಮೋಟಾರು ಹಿಂದಿನ ಚಕ್ರಗಳಿಗೆ ಮಾತ್ರ. 2025ರ ಜೂನ್‌ನಲ್ಲಿ ಬಂದ ಟಾಟಾ ಹ್ಯಾರಿಯರ್ ಇವಿಯ ಕ್ಯೂಡಬ್ಲ್ಯೂಡಿ (ನಾಲ್ಕೂ ಚಕ್ರಕ್ಕೆ ಬಲವಿರುವ) ಮಾದರಿಯಲ್ಲಿ ಹಿಂದೊಂದು ಮುಂದೊಂದು ಮೋಟಾರು, 75 ಕಿಲೋವ್ಯಾಟ್-ಅವರ್ (ಅಂದರೆ 75 ಯೂನಿಟ್) ಬ್ಯಾಟರಿ ಇವೆ. ಚಕ್ರಕ್ಕೊಂದು ಮೋಟಾರಿರುವ ಮರ್ಸಿಡಿಸ್ ಜಿ 580 ಕೂಡ ಭಾರತದಲ್ಲಿ ಸಿಗುತ್ತದಾದರೂ ಮೂರು ಕೋಟಿ ರೂಪಾಯಿಯ ವಾಹನವನ್ನು ಅಡಿಕೆ ತೋಟಕ್ಕೆ ಇಳಿಸುವವರಿಗೆ ಈ ಲೇಖನದ ಅಗತ್ಯವಿರಲಾರದು.

ಶೋರೂಮಿಗೆ ಹೋಗುವ ಮೊದಲು ನಿಮ್ಮ ಮನೆಯ ಮೀಟರ್ ಬೋರ್ಡನ್ನು ನೋಡಿಕೊಳ್ಳಿ. ವಾಹನದ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಇದೇ ನಿಮ್ಮ ನಿತ್ಯದ ಅನುಭವವನ್ನು ನಿರ್ಧರಿಸುತ್ತದೆ.

ಮನೆಯಲ್ಲಿ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರ್ ಒಂದೇ ಫೇಸ್‌ನಿಂದ ಸುಮಾರು 32 ಆಂಪಿಯರ್ ಎಳೆಯುತ್ತದೆ. ಕೇರಳದಲ್ಲಿ ಮನೆಯ ಒಟ್ಟು ಲೋಡ್ 5 ಕಿಲೋವ್ಯಾಟ್ ಮೀರಿದರೆ ತ್ರೀ ಫೇಸ್ ಸಂಪರ್ಕ ಬೇಕಾಗುವುದರಿಂದ, ಸಿಂಗಲ್ ಫೇಸ್ ಇರುವವರು ಕೇರಳ ವಿದ್ಯುತ್ ಮಂಡಳಿಯ (ಕೆ.ಎಸ್.ಇ.ಬಿ.) ಸೆಕ್ಷನ್ ಕಚೇರಿಗೆ ಮೊದಲೇ ಅರ್ಜಿ ಹಾಕಬೇಕು. ತ್ರೀ ಫೇಸ್ ತಂತಿ ನಿಮ್ಮ ಮನೆಯಿಂದ ನಾಲ್ಕಾರು ಕಂಬ ದೂರದಲ್ಲೇ ನಿಂತಿದ್ದರೆ ಅದನ್ನು ಎಳೆಸುವ ಖರ್ಚೂ ವಾಹನದ ಲೆಕ್ಕದಲ್ಲೇ ಸೇರಬೇಕು. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಫೆಬ್ರವರಿಯಿಂದ ಮೇ ತನಕ, ಸುತ್ತಲಿನ ತೋಟದ ಪಂಪುಗಳೆಲ್ಲ ಓಡುವ ಹೊತ್ತಿಗೆ, ವೋಲ್ಟೇಜ್ ಇಳಿದು ಚಾರ್ಜರ್ ತಾನಾಗಿ ನಿಂತುಬಿಡುತ್ತದೆ. ಅಂತಹವರು ಚಾರ್ಜಿಂಗನ್ನು 16 ಆಂಪಿಯರ್‌ಗೆ ಇಳಿಸಿ ಇಡೀ ರಾತ್ರಿ ನಿಧಾನವಾಗಿ ತುಂಬಿಸುವುದೇ ಮೇಲು.

ಅರ್ಥಿಂಗ್ ಇನ್ನೊಂದು ತಲೆನೋವು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಗಟ್ಟಿಯಾದಾಗ ಅರ್ಥ್ ಕಂಬಿಯ ಪ್ರತಿರೋಧ ಏರುತ್ತದೆ. ಫ್ಯಾನು, ಫ್ರಿಜ್ಜುಗಳು ಇದನ್ನು ಲೆಕ್ಕಿಸದೆ ಓಡುತ್ತವೆ. ವಾಹನದ ಚಾರ್ಜರ್ ಮಾತ್ರ ಅರ್ಥ್ ಸರಿಯಿಲ್ಲವೆಂದು ಕೆಂಪುದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ. ಚಾರ್ಜರ್ ಕೆಟ್ಟಿತೆಂದು ದೂರುವ ಮೊದಲು ಅರ್ಥ್ ಗುಂಡಿಗೆ ನಾಲ್ಕು ಕೊಡ ನೀರು ಸುರಿದು ನೋಡಬೇಕು. ಬಾವಿಕಟ್ಟೆ ಅಥವಾ ಬಚ್ಚಲಿನ ನೀರು ಹರಿಯುವ ತಂಪಿನ ಜಾಗದಲ್ಲಿ ಪ್ರತ್ಯೇಕ ಅರ್ಥ್ ಹಾಕಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನ ಸಂಜೆಗಳಲ್ಲಿ ಗುಡುಗು ಕೇಳಿಸಿದೊಡನೆ ಪ್ಲಗ್ಗನ್ನು ಕಿತ್ತುಬಿಡುವುದನ್ನು ಮನೆಯವರೆಲ್ಲರೂ ರೂಢಿ ಮಾಡಿಕೊಳ್ಳಬೇಕು. ಸಿಡಿಲಿನ ರಕ್ಷಣೆಗೆ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇದ್ದರೂ ಅಷ್ಟೇ.

ಬಿಲ್ಲಿನ ವಿಷಯಕ್ಕೆ ಬಂದರೆ, ಕೇರಳದ ಗೃಹಬಳಕೆಯ ದರದಲ್ಲಿ ತಿಂಗಳಿಗೆ 250 ಯೂನಿಟ್ ಎಂಬುದೊಂದು ಗಡಿ. ಅಲ್ಲಿಯವರೆಗೆ ಹಂತಹಂತದ ದರ. ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಒಂದೇ ಹೆಚ್ಚಿನ ದರ. 75 ಯೂನಿಟ್‌ನ ಬ್ಯಾಟರಿಯನ್ನು ಖಾಲಿಯಿಂದ ತುಂಬಿಸಲು ಸೋರಿಕೆಯೂ ಸೇರಿ 80ಕ್ಕಿಂತ ಹೆಚ್ಚು ಯೂನಿಟ್ ಹಿಡಿಯುವುದರಿಂದ, ತಿಂಗಳಿಗೆ ಮೂರು ಸಲ ತುಂಬಿಸಿದರೆ ವಾಹನವೊಂದೇ ಆ ಗಡಿಯ ಹತ್ತಿರ ತಲುಪುತ್ತದೆ. ಗಡಿ ದಾಟಿದವರಿಗೆ ಸಂಜೆ 6ರಿಂದ 10ರ ವರೆಗಿನ ಬಳಕೆ ಇನ್ನಷ್ಟು ದುಬಾರಿಯಾಗುವ ಕಾರಣ, ಚಾರ್ಜಿಂಗನ್ನು ರಾತ್ರಿ ಹತ್ತರ ಬಳಿಕಕ್ಕೆ ಅಥವಾ ಮಾಡಿನ ಮೇಲೆ ಸೌರಫಲಕವಿದ್ದರೆ ಹಗಲಿಗೆ ಹೊಂದಿಸಬೇಕು. ಪಂಪ್ ಶೆಡ್ಡಿನ ಕೃಷಿ ಸಂಪರ್ಕದಿಂದ ಚಾರ್ಜ್ ಮಾಡುವ ಆಸೆ ಹಲವರಿಗೆ ಬರುತ್ತದೆ. ಒಂದು ಉದ್ದೇಶಕ್ಕೆ ಪಡೆದ ವಿದ್ಯುತ್ತನ್ನು ಇನ್ನೊಂದಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಅನ್ವಯವಾಗುವ ದರದ ಎರಡು ಪಟ್ಟು ತೆರಬೇಕು.

ಇನ್ನು ಏರು-ಇಳಿತ. ಜನರನ್ನೂ ಸಾಮಾನನ್ನೂ ಸೇರಿಸಿ ಎರಡೂವರೆ ಟನ್ ತೂಗುವ ವಾಹನವನ್ನು 100 ಮೀಟರ್ ಮೇಲಕ್ಕೆತ್ತಲು ಸುಮಾರು 0.7 ಯೂನಿಟ್ ಬೇಕು. ಸಮುದ್ರಮಟ್ಟದ ಕಾಸರಗೋಡಿನಿಂದ ಚೆರ್ಕಳ, ಜಾಲ್ಸೂರು, ಸುಳ್ಯದ ಮೂಲಕ ಸುಮಾರು 1150 ಮೀಟರ್ ಎತ್ತರದ ಮಡಿಕೇರಿಗೆ ಏರುವುದಕ್ಕೆ, ದಾರಿಯ ಸಾಮಾನ್ಯ ಖರ್ಚಿನ ಮೇಲೆ 8ರಿಂದ 9 ಯೂನಿಟ್ ಹೆಚ್ಚುವರಿ ಎಂದು ಲೆಕ್ಕ ಹಾಕಿ. ಇಳಿಯುವಾಗ ಅದರಲ್ಲಿ ಒಂದು ಪಾಲು ಮರಳಿ ಬ್ಯಾಟರಿಗೆ ಸೇರುತ್ತದೆ. ಹ್ಯಾರಿಯರ್ ಇವಿ ಕ್ಯೂಡಬ್ಲ್ಯೂಡಿ ಒಮ್ಮೆ ತುಂಬಿಸಿದರೆ ಓಡುತ್ತದೆಂದು ಕಂಪನಿ ಹೇಳುವ 622 ಕಿಲೋಮೀಟರ್ ಪ್ರಯೋಗಶಾಲೆಯ ಅಂಕಿ. ಯೂನಿಟ್‌ಗೆ 5 ಕಿಲೋಮೀಟರ್ ಎಂದು ಹಿಡಿದು 375ರ ಸುತ್ತಮುತ್ತ ಯೋಜನೆ ಹಾಕಿದವರು ದಾರಿಯಲ್ಲಿ ಪರದಾಡುವುದಿಲ್ಲ. ವೇಗದ ಚಾರ್ಜರ್‌ಗಳು ಹೆಚ್ಚಾಗಿ 66ನೇ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲೇ ಇರುವುದರಿಂದ, ಪಾಣತ್ತೂರು-ಕರಿಕೆ-ಭಾಗಮಂಡಲದಂತಹ ದಾರಿ ಹಿಡಿಯುವವರು ಕರಾವಳಿಯಲ್ಲೇ ತುಂಬಿಸಿಕೊಂಡು ಹೊರಡಬೇಕು.

ಮನೆ ಗುಡ್ಡದ ತುದಿಯಲ್ಲಿದ್ದು ರಾತ್ರಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿದ್ದೀರಿ ಎನ್ನೋಣ. ಬೆಳಿಗ್ಗೆ ಕೆಳಗಿಳಿಯುವಾಗ ಮೋಟಾರು ಉತ್ಪಾದಿಸುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವಿಲ್ಲದೆ, ಅದರಿಂದ ಸಿಗುತ್ತಿದ್ದ ಬ್ರೇಕಿನಂತಹ ತಡೆಯೂ ಇಲ್ಲವಾಗಿ, ನಿನ್ನೆ ಸಂಜೆ ಕಾಲು ತೆಗೆದೊಡನೆ ನಿಲ್ಲುತ್ತಿದ್ದ ಅದೇ ವಾಹನ ಇಂದು ಜಾರಿಕೊಂಡು ಹೋದಂತೆ ಭಾಸವಾಗುತ್ತದೆ. ಆಟಿಯ ಮಳೆಗೆ ಹಾವಸೆ ಕಟ್ಟಿದ ಕಾಂಕ್ರೀಟ್ ಇಳಿಜಾರಿನಲ್ಲಿ ಈ ವ್ಯತ್ಯಾಸ ಅಪಾಯಕಾರಿ. ಆದ್ದರಿಂದ ನಿತ್ಯದ ಮಿತಿಯನ್ನು 80 ಅಥವಾ 90ಕ್ಕೆ ಇಟ್ಟು, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಗೆ ತಯಾರಕರು ಸೂಚಿಸುವ ಪೂರ್ಣ ಚಾರ್ಜನ್ನು ದೂರದ ಪ್ರಯಾಣದ ಹಿಂದಿನ ದಿನ ಮಾಡಿಕೊಳ್ಳಬಹುದು. ಏರುವಾಗಲೂ ಅಷ್ಟೇ: ಮೋಟಾರಿನ ಬಲ ಒತ್ತಿದ ಕ್ಷಣಕ್ಕೇ ಚಕ್ರ ಮುಟ್ಟುವುದರಿಂದ, ಹಾವಸೆಯ ಮೇಲೆ ಸ್ಪೋರ್ಟ್ ಮೋಡ್‌ನಲ್ಲಿ ಹೊರಟರೆ ನಾಲ್ಕೂ ಚಕ್ರ ನಿಂತಲ್ಲೇ ತಿರುಗುತ್ತವೆ.

ಟಯರ್ ಬದಲಾಯಿಸುವವರು ಅದರ ಭಾರ ಹೊರುವ ಸೂಚ್ಯಂಕವನ್ನು ನೋಡದೆ ಕೊಳ್ಳಬಾರದು. ಒರಟು ಹಲ್ಲಿನ ಟಯರ್ ಹಾಕಿದರೆ ದೂರ ಕಡಿಮೆಯಾಗುವುದಂತೂ ಖಂಡಿತ.

ನೀರಿನ ಬಗ್ಗೆ ಜಾಹೀರಾತುಗಳು ಹುಟ್ಟಿಸುವ ಧೈರ್ಯ ನಮ್ಮ ಊರಿಗೆ ಹೊಂದುವುದಿಲ್ಲ. ಧೂಳು-ನೀರು ಒಳಹೋಗದಂತಹ ರಕ್ಷಣೆಯ ಮಟ್ಟವನ್ನು ಹೇಳುವ ಐಪಿ67 ಎಂದರೆ ನಿಂತ ನೀರಿನಲ್ಲಿ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯಬಲ್ಲದು ಎಂದರ್ಥವೇ ಹೊರತು ಮಳೆಗಾಲದ ಶಿರಿಯಾ ಹೊಳೆಯನ್ನು ದಾಟಬಲ್ಲದು ಎಂದಲ್ಲ. ಹ್ಯಾರಿಯರ್ ಇವಿಗೆ ಹೇಳಿರುವ 600 ಮಿಲಿಮೀಟರ್ ಮಿತಿ ನಿಧಾನವಾಗಿ, ಗಟ್ಟಿ ತಳದ ಮೇಲೆ ಸಾಗುವಾಗಿನದು. ಅಷ್ಟೇ ಆಳದ ನೀರು ರಭಸವಾಗಿ ಹರಿಯುತ್ತಿದ್ದರೆ ಎರಡು ಟನ್ನಿನ ವಾಹನವನ್ನೂ ತೇಲಿಸಿ ಒಯ್ಯುತ್ತದೆ. ತೋಡಿಗೆ ಇಳಿಯುವ ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಬೇಕು. ಅಳಿವೆಯ ಉಪ್ಪುನೀರಿಗಂತೂ ಇಳಿಸಲೇಬಾರದು.

ಬ್ಯಾಟರಿ ಇರುವುದು ಹೊಟ್ಟೆಯಡಿಯಲ್ಲಿ. ಮಣ್ಣು ಕೊಚ್ಚಿಹೋದ ದಾರಿಯ ನಡುವೆ ಎದ್ದುನಿಂತ ಮುರಕಲ್ಲಿಗೆ ಅದು ತಾಗಿದರೆ ಆಗುವ ಹಾನಿಯನ್ನು ಸಾಮಾನ್ಯವಾಗಿ ವಾರಂಟಿಯಲ್ಲಿ ಸೇರಿಸುವುದಿಲ್ಲ; ವಿಮೆಯಲ್ಲಿ ಬ್ಯಾಟರಿಗೆ ಪ್ರತ್ಯೇಕ ರಕ್ಷಣೆ ಇದೆಯೇ ಎಂದು ಓದಿಕೊಂಡೇ ಸಹಿ ಹಾಕಬೇಕು. ಪಂಕ್ಚರ್ ಅಂಗಡಿಯಲ್ಲಿ ಜಾಕನ್ನು ಅಭ್ಯಾಸಬಲದಿಂದ ನಡುಹೊಟ್ಟೆಗೆ ತಳ್ಳುತ್ತಾರೆ. ಅಂಚಿನಲ್ಲಿರುವ ಗುರುತಿಸಿದ ಜಾಗವನ್ನು ನೀವೇ ಬಾಗಿ ಬೆರಳಿಟ್ಟು ತೋರಿಸಬೇಕು.

ಹೂತುಹೋದರೆ ನೆರವಿಗೆ ಬರುವುದು ಜೆಸಿಬಿ ಇಲ್ಲವೇ ನೆರೆಮನೆಯ ಜೀಪು. ಚಾಲಕ ಸರಪಳಿಯನ್ನು ಕೈಗೆ ಸಿಕ್ಕಿದ ಕಬ್ಬಿಣಕ್ಕೆ ಸುತ್ತುವ ಮೊದಲು, ವಾಹನದೊಂದಿಗೆ ಕೊಟ್ಟ ಎಳೆಯುವ ಕೊಕ್ಕೆಯನ್ನು ತಿರುಗಿಸಿ ಬಿಗಿಮಾಡಿ ಇಟ್ಟಿರಿ. ಕೆಸರಿನಿಂದ ಗಟ್ಟಿ ನೆಲಕ್ಕೆ ಕೆಲವು ಮೀಟರ್ ನಿಧಾನವಾಗಿ ಎಳೆಸಬಹುದು, ಅದಕ್ಕೂ ನ್ಯೂಟ್ರಲ್‌ನಲ್ಲಿರಬೇಕು. ಚಕ್ರ ನೆಲಕ್ಕೆ ತಾಗಿದ್ದಂತೆ ಪೇಟೆಯವರೆಗೆ ಎಳೆದರೆ ಮೋಟಾರುಗಳು ತಿರುಗಿ ವಿದ್ಯುತ್ ಹುಟ್ಟಿಸಿ ಹಾನಿಯಾಗುತ್ತದೆ. ಅಲ್ಲಿಂದ ಮುಂದೆ ಲಾರಿಯ ಮೇಲೆ ಹೇರಿಯೇ ಸಾಗಿಸಬೇಕು. ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತರೆ ಬಾಗಿಲೂ ತೆರೆಯದಿರಬಹುದು, ಹಾಗಾಗಿ ಒಂದು ಜಂಪ್ ಸ್ಟಾರ್ಟರ್ ಮನೆಯಲ್ಲಿರಲಿ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ವಾಹನದಿಂದ ವಿದ್ಯುತ್ ಪಡೆಯುವ ವಿ2ಎಲ್ ಸೌಲಭ್ಯ ನಿಜವಾಗಿಯೂ ಉಪಕಾರಿ. ಫ್ರಿಜ್ಜು, ದೀಪ, ಮೊಬೈಲುಗಳಿಗೆ ಅದು ಧಾರಾಳ ಸಾಕು. ಬಾವಿಯ ಪಂಪು ಶುರುವಾಗುವಾಗ ಎಳೆಯುವ ಕರೆಂಟು ಹಲವು ಪಟ್ಟು ಹೆಚ್ಚಿರುವುದರಿಂದ ದೊಡ್ಡ ಪಂಪು ಓಡಲಾರದು. ಉಪಕರಣಗಳನ್ನು ನೇರವಾಗಿ ವಾಹನದ ಪ್ಲಗ್ಗಿಗೇ ಜೋಡಿಸಿ. ಮನೆಯನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಹಿಮ್ಮುಖವಾಗಿ ಕೊಟ್ಟರೆ ಕಂಬದ ಮೇಲೆ ದುರಸ್ತಿಗೆ ಹತ್ತಿದ ಲೈನ್‌ಮ್ಯಾನ್‌ನ ಜೀವಕ್ಕೇ ಕುತ್ತು.

ಗಡಿಯಾಚೆ ನೆಂಟರ ವಿಳಾಸದಲ್ಲಿ ನೋಂದಾಯಿಸುವ ಲೆಕ್ಕಾಚಾರ ಇಲ್ಲಿ ಹಳೆಯದು. ಕೇರಳ 2025ರ ಏಪ್ರಿಲ್‌ನಿಂದ 20 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳ ತೆರಿಗೆಯನ್ನು ಶೇ. 10ಕ್ಕೆ ಏರಿಸಿದ ಮೇಲೆ ಆ ಮಾತು ಮತ್ತೆ ಕೇಳಿಬಂದರೆ ಆಶ್ಚರ್ಯವಿಲ್ಲ. ಆದರೆ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಹೊಸ ನೋಂದಣಿ ಗುರುತು ಪಡೆಯಬೇಕು, ಜತೆಗೆ ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ವಾಹನ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯ ವಿಳಾಸಕ್ಕೇ ನೋಂದಾಯಿಸಿ, ಹೈವೋಲ್ಟೇಜ್ ಕೆಲಸ ಬಲ್ಲ ವರ್ಕ್‌ಶಾಪ್ ಜಿಲ್ಲೆಯೊಳಗಿದೆಯೇ, ಇಲ್ಲವಾದರೆ ಮಂಗಳೂರಿಗೋ ಕಣ್ಣೂರಿಗೋ ಸಾಗಿಸುವ ಖರ್ಚನ್ನು ಕಂಪನಿ ಭರಿಸುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.