ಅಟ್ಟದಿಂದ ವೀಣೆ ಇಳಿಸಿದ ಮೇಲೆ

ಹತ್ತನೇ ಕ್ಲಾಸಿನಲ್ಲಿ ಬಿಟ್ಟ ವೀಣೆಯನ್ನು 47ನೇ ವಯಸ್ಸಿನಲ್ಲಿ ಅಟ್ಟದಿಂದ ಇಳಿಸಿದೆ. ನೀವೂ ಇಳಿಸುವುದಾದರೆ, ಮೊದಲು ಒಣ ಬಟ್ಟೆಯಲ್ಲಿ ಧೂಳು ಒರೆಸಿ. ತುಕ್ಕು ಹಿಡಿದ ತಂತಿಯನ್ನು ಸುಮ್ನೆ ಬಿಗಿ ಮಾಡಬೇಡಿ, ಪಟ್ಟನೆ ಕಿತ್ತು ಕೈಗೆ ಹೊಡೆಯುತ್ತದೆ. ಏಳೂ ತಂತಿಗಳನ್ನು ಬದಲಿಸಿ. ತಂತಿಯನ್ನು ಒತ್ತಿ ಸ್ವರ ಹಿಡಿಯುವ 24 ಮೆಟ್ಟುಗಳು ಕೂತಿರುವುದು ಮೇಣದ ಮೇಲೆ, ಅಲ್ವಾ? ನನ್ನದರಲ್ಲಿ ಮೇಣ ಬಿರುಕು ಬಿಟ್ಟು ಗಾಂಧಾರವೇ (‘ಗ’ ಸ್ವರ) ಅಪಸ್ವರವಾಗಿತ್ತು. ಆ ಕೆಲಸ ವೀಣೆ ರಿಪೇರಿಯವರಿಗೇ ಬಿಡಿ.

ಆಮೇಲೆ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಕಲಿಯುವವರ ಮೊದಲ ಸ್ವರ ಪಾಠ. ಒಂದನೇ ಕಾಲ, ಅಂದರೆ ನಿಧಾನದ ವೇಗ ಸಾಕು, ದಿನಾ 15 ನಿಮಿಷ. ಎಡಗೈ ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಉರಿ ಜಾಸ್ತಿಯಾದರೆ ಅವತ್ತಿಗೆ ನಿಲ್ಲಿಸಿ.

ಮೂರನೇ ವಾರ ನನ್ನ ಬೆರಳು ರಿಷಭದಿಂದ (‘ರಿ’) ಗಾಂಧಾರಕ್ಕೆ ತಾನಾಗಿಯೇ ಜಾರಿತು. ಅಡುಗೆಮನೆಯಲ್ಲಿ ಅಮ್ಮ ತಾಳ ಹಾಕುತ್ತಿದ್ದರು.